24 ಸೆಕೆಂಡಿನಾಚೆಯ ಚೆಂಡು

ಸೋಮಾರಿತನಕ್ಕೆ ಮನೆಯಲ್ಲಿ ಬೈಗುಳ, ಕಚೇರಿಯಲ್ಲಿ ನೋಟೀಸು ಸಿಗುವುದು ಲೋಕರೂಢಿ. ಆದರೆ ಅದನ್ನು ಗಡಿಯಾರ ಇಟ್ಟು, ಭಾಗಾಕಾರ ಮಾಡಿ, ಲಿಖಿತ ನಿಯಮದ ಮೂಲಕ ಗಡೀಪಾರು ಮಾಡಿದ ಕೀರ್ತಿ ಬ್ಯಾಸ್ಕೆಟ್‌ಬಾಲಿನದು. 1950ರ ನವೆಂಬರ್ 22ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಒಂದು ಪಂದ್ಯ ನಡೆಯಿತು. ಊರಿನ ಲೇಕರ್ಸ್ ತಂಡದಲ್ಲಿ ಜಾರ್ಜ್ ಮೈಕನ್ ಎಂಬ ಆರಡಿ ಹತ್ತಿಂಚಿನ ಕನ್ನಡಕಧಾರಿ ದೈತ್ಯ. ಅವನ ಕೈಗೆ ಚೆಂಡು ಸಿಕ್ಕಿತೋ, ಕಥೆ ಮುಗಿಯಿತು. ಹಾಗಾಗಿ ಎದುರಾಳಿ ಫೋರ್ಟ್ ವೇನ್ ಪಿಸ್ಟನ್ಸ್ ತಂಡದವರು ಬಲು ಸರಳವಾದ ಉಪಾಯ ಹೂಡಿದರು. ಚೆಂಡನ್ನು ಅವರಿಗೆ ಕೊಡುವುದೇ ಬೇಡ. ಬುಟ್ಟಿಗೆ ಎಸೆದರೆ ಅವರಿಗೆ ಸಿಗಬಹುದು, ಆದ್ದರಿಂದ ಎಸೆಯುವುದೂ ಬೇಡ. ಸುಮ್ಮನೆ ಹಿಡಿದುಕೊಂಡು ನಿಲ್ಲೋಣ. ನಿಂತರು. ಒಬ್ಬ ಇನ್ನೊಬ್ಬನಿಗೆ ಕೊಟ್ಟ, ಇನ್ನೊಬ್ಬ ಮತ್ತೊಬ್ಬನಿಗೆ ಕೊಟ್ಟ, ಮತ್ತೊಬ್ಬ ಅದನ್ನು ಬಗಲಲ್ಲಿಟ್ಟುಕೊಂಡು ಹೊತ್ತು ಕಳೆದ. 48 ನಿಮಿಷದ ಪಂದ್ಯ 19–18ಕ್ಕೆ ಮುಗಿಯಿತು. ಗೆದ್ದವರು ಪಿಸ್ಟನ್ಸ್. ಲೇಕರ್ಸ್‌ನ 18 ಅಂಕಗಳಲ್ಲಿ 15 ಮೈಕನ್ ಒಬ್ಬನವೇ.

ಈ ಪಂದ್ಯದ ವಿಷಯ ಓದಿದಾಗಲೆಲ್ಲ ನನಗೆ ಪಿಸ್ಟನ್ಸ್ ತಂಡದ ಮೇಲೆ ಅಪಾರ ಬಂಧುಪ್ರೇಮ ಉಕ್ಕುತ್ತದೆ. ನಮ್ಮವರು! ಆದರೆ ದುಡ್ಡು ಕೊಟ್ಟು ಟಿಕೆಟು ಕೊಂಡವರಿಗೆ ಹಾಗೆ ಅನ್ನಿಸಬೇಕಲ್ಲ. 1954ರಲ್ಲಿ ಸಿರಾಕ್ಯೂಸ್ ನ್ಯಾಷನಲ್ಸ್ ತಂಡದ ಒಡೆಯ ಡ್ಯಾನಿ ಬಯಸೋನ್ ಕಾಗದ ಪೆನ್ಸಿಲು ಹಿಡಿದು ಕೂತ. ಬೌಲಿಂಗ್ ಆಟದ ಅಂಗಳ ನಡೆಸುತ್ತಿದ್ದ ಮನುಷ್ಯ; ಗಿರಾಕಿಗೆ ಬೇಸರ ಬಂದರೆ ಏನಾಗುತ್ತದೆಂದು ಬಲ್ಲವನು. ನೋಡಲು ಖುಷಿಯಾಗುವ ಪಂದ್ಯದಲ್ಲಿ ಒಂದೊಂದು ತಂಡ ಸುಮಾರು 60 ಸಲ ಬುಟ್ಟಿಗೆ ಎಸೆಯುತ್ತದೆ, ಎರಡೂ ಸೇರಿ 120. 48 ನಿಮಿಷವೆಂದರೆ 2880 ಸೆಕೆಂಡು. ಭಾಗಿಸಿದರೆ 24. ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಎಸೆಯದಿದ್ದರೆ ಅದು ಎದುರಾಳಿಯ ಪಾಲು. ಇಷ್ಟೇ. ಮೂರನೇ ಇಯತ್ತೆಯ ಭಾಗಾಕಾರದಲ್ಲಿ ಒಂದಿಡೀ ಜೀವನಶೈಲಿ ಕೊನೆಯುಸಿರೆಳೆಯಿತು. ಮರುವರ್ಷ ಅವನ ತಂಡವೇ ಚಾಂಪಿಯನ್ ಆಯಿತು ಎಂಬುದನ್ನು ನಾನು ಅಷ್ಟು ಜೋರಾಗಿ ಹೇಳುವುದಿಲ್ಲ.

ಈಗಂತೂ ಇನ್ನೂ ಗಡಿಬಿಡಿ. ಎದುರಾಳಿಯ ಬುಟ್ಟಿಯ ಕೆಳಗೆ ಬಣ್ಣ ಬಳಿದ ಚೌಕವಿದೆಯಲ್ಲ, ಅಲ್ಲಿ 3 ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇರೂರಿದರೆ ಸೀಟಿ. ಗೆರೆಯಾಚೆಯಿಂದ ಚೆಂಡು ಒಳಗೆ ಕೊಡಲು 5 ಸೆಕೆಂಡು. ತನ್ನ ಅರ್ಧ ಅಂಗಳ ದಾಟಲು 8. ಒಟ್ಟಿನಲ್ಲಿ ಈ ಆಟದಲ್ಲಿ ನಿಂತದ್ದೇ ಅಪರಾಧ. ಹೀಗಿರುವಾಗ, ಐದಡಿ ನಾಲ್ಕಿಂಚಿನ, ಮೆಟ್ಟಿಲು ಕಂಡರೆ ಲಿಫ್ಟ್ ಹುಡುಕುವ, ಚೆಂಡು ತನ್ನತ್ತ ಬಂದರೆ ಪಕ್ಕಕ್ಕೆ ಸರಿಯುವ ನನ್ನಂಥವನಿಗೂ ಈ ಆಟಕ್ಕೂ ಎತ್ತಣಿಂದೆತ್ತ ಸಂಬಂಧ? ಸಂಬಂಧ ಇದೆ. ನಾನು ಆಟಗಾರನಲ್ಲ, ಕೂತಾಟಗಾರ. ಎಳೆಯರಿಗೆಂದು ಬರೆದ ಬ್ಯಾಸ್ಕೆಟ್‌ಬಾಲ್ ಕಥೆಗಳನ್ನು ಹುಡುಕಿ ತಂದು, ಗೋಡೆಗೆ ಒರಗಿ, ಕಾಲು ಚಾಚಿ ಓದುವುದು ನನ್ನ ಪಂಗಡದ ವ್ಯಾಯಾಮ. ಪುಸ್ತಕದ ಅಂಗಡಿಯಲ್ಲಿ ಇಂಥದ್ದೊಂದನ್ನು ಕೈಗೆತ್ತಿಕೊಂಡಾಗ ಕೌಂಟರಿನಲ್ಲಿದ್ದವರು "ಮಗುವಿಗೆ ಎಷ್ಟು ವರ್ಷ ಸಾರ್?" ಎಂದು ಕೇಳುತ್ತಾರೆ. ನಾನು "ಹನ್ನೆರಡು" ಎನ್ನುತ್ತೇನೆ. ಅದು ಪೂರ್ತಿ ಸುಳ್ಳೂ ಅಲ್ಲ.

ಈ ಕಥೆಗಳಲ್ಲಿ ನನಗೆ ಹಿಡಿಸಿದ್ದು ಒಂದೇ. ಬಯಸೋನನ ಕಾನೂನು ಇಲ್ಲಿ ನಡೆಯುವುದಿಲ್ಲ. ಅಂಗಳದಲ್ಲಿ ಕೈಬಿಟ್ಟ ಚೆಂಡು ಬುಟ್ಟಿ ಮುಟ್ಟಲು ಒಂದು ಸೆಕೆಂಡು, ಬಹಳವೆಂದರೆ ಎರಡು. ಕಥೆಯಲ್ಲಿ ಅದೇ ಚೆಂಡು ಹೊರಟು, ಅಮ್ಮನ ಅಡುಗೆಮನೆಗೆ ಹೋಗಿ ಬಂದು, ಹೋದ ವರ್ಷ ಕಾದಾಡಿ ಮಾತು ಬಿಟ್ಟ ಗೆಳೆಯನನ್ನು ನೆನೆದು, ಕೋಚ್ ಬೈದದ್ದನ್ನೆಲ್ಲ ಸಾವಕಾಶವಾಗಿ ಮೆಲುಕು ಹಾಕಿ, ಆಮೇಲೆ ಬೇಕಾದರೆ ಬೀಳುತ್ತದೆ, ಇಲ್ಲವಾದರೆ ಅಧ್ಯಾಯ ಅಲ್ಲೇ ಮುಗಿಯುತ್ತದೆ. ಮಳೆಗಾಲ, ಚಳಿಗಾಲ, ಬೇಸಗೆಗಾಲಗಳ ಪಟ್ಟಿಗೆ ಸೇರಬೇಕಾದ ಇನ್ನೊಂದು ಕಾಲ ಇದು: ತೇಲುಗಾಲ. ಚೆಂಡು ಕೈಯಲ್ಲೂ ಇಲ್ಲ, ಬುಟ್ಟಿಯಲ್ಲೂ ಇಲ್ಲ. ಅಷ್ಟು ಹೊತ್ತು ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ, ಯಾರಿಗೂ ಮಾಡಲು ಕೆಲಸವಿಲ್ಲ.

ತೇಲುಗಾಲದ ಚಕ್ರವರ್ತಿ ಎಂದರೆ ಜಪಾನಿನ ತಾಕೆಹಿಕೊ ಇನೊವೆ. 1990ರಿಂದ 1996ರವರೆಗೆ ಒಂದು ವಾರಪತ್ರಿಕೆಯಲ್ಲಿ ಅವರು ಬರೆದ ‘ಸ್ಲ್ಯಾಮ್ ಡಂಕ್’ ಚಿತ್ರಕಥೆ ಒಟ್ಟುಗೂಡಿ 31 ಸಂಪುಟವಾಗಿದೆ. ನಾಯಕ ಸಕುರಾಗಿ ಹನಾಮಿಚಿ, ಕೆಂಪು ಕೂದಲಿನ ಜಗಳಗಂಟ. ಮಿಡಲ್ ಸ್ಕೂಲು ಮುಗಿಸುವಷ್ಟರಲ್ಲಿ 50 ಹುಡುಗಿಯರು ಅವನಿಗೆ ‘ಬೇಡ’ ಎಂದಿರುತ್ತಾರೆ. ಐವತ್ತೊಂದನೆಯವಳು ಕಂಡಾಗ, ಆಕೆ ಕೇಳುವ ಮೊದಲ ಮಾತೇ ಬ್ಯಾಸ್ಕೆಟ್‌ಬಾಲ್ ಇಷ್ಟವೇ ಎಂದು. ಇಷ್ಟವಿಲ್ಲ ಎನ್ನುವವನು ಯಾವ ಗಂಡಸು? ಸೇರಿಕೊಳ್ಳುತ್ತಾನೆ. ಸೇರಿದ ಮರುಗಳಿಗೆಯೇ ಹಾರಿ ಬುಟ್ಟಿಗೆ ಚೆಂಡು ತುರುಕಿ ಲೋಕವಿಖ್ಯಾತನಾಗುವ ಆತುರ ಅವನದು. ಆದರೆ ಅವನಿಗೆ ಸಿಗುವುದು ಅಂಗಳದ ಒಂದು ಮೂಲೆ. ಅಲ್ಲಿ ಮೊಣಕಾಲು ಬಗ್ಗಿಸಿ ಕೂತು ಚೆಂಡನ್ನು ನೆಲಕ್ಕೆ ಕುಟ್ಟುತ್ತಿರಬೇಕು. ಮಿಕ್ಕವರು ಓಡುತ್ತಾರೆ, ಹಾರುತ್ತಾರೆ. ಇವನು ಮೂಲೆಯಲ್ಲಿ ಡಬ್ ಡಬ್ ಡಬ್. ಸ್ವಲ್ಪ ಎದ್ದರೆ ತಲೆಯ ಮೇಲೆ ಮ್ಯಾನೇಜರ್ ಹುಡುಗಿಯ ಕಾಗದದ ಬೀಸಣಿಗೆಯ ಏಟು. ಮಹಾನ್ ಕ್ರೀಡಾಕಥೆಯೊಂದು ಇಷ್ಟು ಹೊತ್ತು ಮೂಲೆಯಲ್ಲಿ ಕೂರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಲೇಅಪ್ ಕಲಿಯುವ ಭಾಗವಿದೆ. ಚೆಂಡು ಹಿಡಿದು ಎರಡು ಹೆಜ್ಜೆ, ಎಗರು, ಬುಟ್ಟಿಯ ಬಳಿ ಚೆಂಡನ್ನು ಮೆಲ್ಲಗೆ ಇಟ್ಟುಬರುವುದು. ಸಕುರಾಗಿಗೆ ಇದು ತೀರಾ ಜನಸಾಮಾನ್ಯರ ಶಾಟು, ತನ್ನ ಘನತೆಗೆ ಕಡಿಮೆ. ಆದರೆ ಎಷ್ಟು ಸಲ ಎಗರಿದರೂ ಚೆಂಡು ಬೋರ್ಡಿಗೆ ಬಡಿದು ಆಕಾಶ ಸೇರುತ್ತದೆ. ಯಾರಿಗೂ ಕಾಣದಂತೆ ಬೆಳಗಿನ ಜಾವ ಹೋಗಿ ಅಭ್ಯಾಸ ಮಾಡುತ್ತಾನೆ. ಇನೊವೆಯವರ ಗೆರೆಗಳನ್ನು ಹತ್ತಿರ ಹಿಡಿದು ನೋಡಬೇಕು: ಶೂಗಳ ಅಡಿಭಾಗದ ಗೀರು, ಅಂಗೈಯ ಬೆವರು, ಬನಿಯನ್ ಬೆನ್ನಿಗೆ ಅಂಟಿ ಬಿದ್ದ ಮಡಿಕೆ, ಬೆರಳ ತುದಿಯಿಂದ ಚೆಂಡು ಇನ್ನೇನು ಬಿಡಬೇಕು ಎನ್ನುವ ಕೂದಲೆಳೆಯ ಅಂತರ. ಕಾಗದದ ಮೇಲೆ ಶೂ ಕೀಚಲುಗುಟ್ಟುವುದು ಕೇಳಿಸುತ್ತದೆ. ಮುಂದೆ ಒಂದು ವಾರದಲ್ಲಿ ಇದೇ ಹುಡುಗ 20,000 ಸಲ ಬುಟ್ಟಿಗೆ ಎಸೆದು ಕಲಿಯುತ್ತಾನೆ. ನಾನು ಅದನ್ನು ದಿಂಬಿನ ಮೇಲೆ ಮೊಣಕೈ ಊರಿ ಓದಿದೆ. ಭುಜ ಸ್ವಲ್ಪ ನೋಯಿತು.

ಕಥೆ ಬಿಡಿಸಿ ತೋರಿಸುವ ಕೊನೆಯ ಪಂದ್ಯ ಸನ್ನೊ ಎಂಬ ಅಜೇಯ ಶಾಲೆಯ ವಿರುದ್ಧ. ಆಟದ ಲೆಕ್ಕಕ್ಕೆ 40 ನಿಮಿಷ. ಪುಸ್ತಕದ ಲೆಕ್ಕಕ್ಕೆ ಸುಮಾರು ಆರು ಸಂಪುಟ. ಇದು ವಾರಕ್ಕೊಂದು ಕಂತಿನಂತೆ ಬಂದದ್ದು ಎಂಬುದನ್ನು ನೆನೆದರೆ ನನಗೆ ರೋಮಾಂಚನ. ಒಂದು ವಾರ ಹಾರಿದವನು ಮುಂದಿನ ವಾರ ಇಳಿಯಬೇಕು. ನಡುವಿನ ಏಳು ದಿನ ಓದುಗ ಶಾಲೆಗೆ ಹೋಗಬೇಕು, ಹೋಂವರ್ಕ್ ಮಾಡಬೇಕು, ನೆಗಡಿ ಬಂದರೆ ಮಲಗಬೇಕು; ಅಷ್ಟೂ ದಿನ ಚೆಂಡು ಮೇಲೆಯೇ. ಇನ್ನು ಕಟ್ಟಕಡೆಯ ಕ್ಷಣಗಳಿಗೆ ಬಂದಾಗ ಇನೊವೆ ಮಾತನ್ನೇ ತೆಗೆದುಬಿಡುತ್ತಾರೆ. ಪುಟದ ಮೇಲೆ ಪುಟ, ಒಂದು ಸೊಲ್ಲಿಲ್ಲ, ಶಬ್ದಸೂಚಕ ಅಕ್ಷರವೂ ಇಲ್ಲ. ಬರೀ ಕಣ್ಣು, ಕೈ, ಗಡಿಯಾರ, ಚೆಂಡು. ಆಮೇಲೆ ಇಡೀ ಕಥೆಯುದ್ದಕ್ಕೂ ಹಾವು ಮುಂಗುಸಿಯಾಗಿದ್ದ ಸಕುರಾಗಿ ಮತ್ತು ರುಕಾವಾ ಎಂಬ ಇಬ್ಬರು ಹುಡುಗರ ಅಂಗೈಗಳು ಒಂದು ಜೋಡಿಪುಟದ ನಡುವೆ ಬಡಿದುಕೊಳ್ಳುತ್ತವೆ. ಆ ಪುಟವನ್ನು ಬೇಗ ತಿರುಗಿಸುವವರ ಜೊತೆ ನಾನು ಊಟಕ್ಕೆ ಕೂರಲಾರೆ.

ಅದಕ್ಕಿಂತ ಚೆಂದ ಮುಂದಿನದು. ಅಜೇಯರನ್ನು ಸೋಲಿಸಿದ ತಂಡ ಮುಂದಿನ ಸುತ್ತಿನಲ್ಲಿ ಹೀನಾಯವಾಗಿ ಸೋಲುತ್ತದೆ. ಆ ಸೋಲಿಗೆ ಸಿಕ್ಕ ಜಾಗ ಒಂದೆರಡು ಸಾಲು. ಆರು ಸಂಪುಟ ಉಂಡ ಪಂದ್ಯದ ಪಕ್ಕದಲ್ಲಿ ಒಂದು ಸಾಲು ಉಂಡ ಪಂದ್ಯ! ಪತ್ರಿಕೆಯ ಕ್ರೀಡಾಪುಟದಲ್ಲಿ ಎರಡಕ್ಕೂ ಒಂದೇ ಅಗಲದ ಕಾಲಂ ಕೊಡುತ್ತಿದ್ದರು. ಯಾವುದಕ್ಕೆ ಎಷ್ಟು ಹೊತ್ತು ಎಂಬುದನ್ನು ಗಡಿಯಾರದ ಕೈಯಿಂದ ಕಿತ್ತುಕೊಂಡು ತನ್ನ ಕೈಗೆ ತೆಗೆದುಕೊಳ್ಳುವ ಈ ದೌಲತ್ತು ಕಥೆಗಾರನಿಗೆ ಮಾತ್ರ ಸಾಧ್ಯ. ಪುಸ್ತಕ ಮಾರಾಟ 10 ಕೋಟಿ ಪ್ರತಿ ದಾಟಿತೆಂಬ ಸಂತೋಷಕ್ಕೆ 2004ರ ಡಿಸೆಂಬರಿನಲ್ಲಿ ಇನೊವೆಯವರು ಕನಾಗಾವಾ ಪ್ರಾಂತ್ಯದ, ಮುಚ್ಚಿಹೋಗಿದ್ದ ಒಂದು ಹೈಸ್ಕೂಲಿಗೆ ಹೋಗಿ, ಅಲ್ಲಿನ 23 ಕರಿಹಲಗೆಗಳ ಮೇಲೆ ಸೀಮೆಸುಣ್ಣದಲ್ಲಿ ಕಥೆಯ ಮುಂದಿನ ಹತ್ತು ದಿನಗಳನ್ನು ಬರೆದರು. ಮಕ್ಕಳಿಲ್ಲದ ತರಗತಿಯಲ್ಲಿ ಸುಣ್ಣದ ಧೂಳಿನ ಸಕುರಾಗಿ. ಅವರೇ ನಿರ್ದೇಶಿಸಿದ ಸಿನಿಮಾ 2022ರಲ್ಲಿ ಬಂದಾಗ ಮತ್ತೆ ಅದೇ ಸನ್ನೊ ಪಂದ್ಯ, ಈ ಸಲ ತಂಡದ ಕುಳ್ಳ ಹುಡುಗ ಮಿಯಾಗಿಯ ಕಡೆಯಿಂದ. 26 ವರ್ಷ ಕಳೆದರೂ ಮನುಷ್ಯನಿಗೆ ಆ 40 ನಿಮಿಷ ಮುಗಿದಿಲ್ಲ.

ಚೆಂಡು ಹೀಗೆ ತೇಲಲು ಒಪ್ಪುವುದಕ್ಕೆ ಒಂದು ಕಾರಣವಿದೆ. ಅದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕು. ಹೋಗೋಣ, ಅವಸರವೇನು? ಕೆನಡಾದ ಆಲ್ಮಂಟ್ ಎಂಬ ಊರಿನ ಕಡೆ ಹುಡುಗರು ಒಂದು ಕಲ್ಲಾಟ ಆಡುತ್ತಿದ್ದರು. ದೊಡ್ಡ ಬಂಡೆಯ ಮೇಲೊಂದು ಸಣ್ಣ ಕಲ್ಲಿಟ್ಟು, ದೂರದಿಂದ ಕಲ್ಲೆಸೆದು ಅದನ್ನು ಉರುಳಿಸಿ, ಕಾವಲುಗಾರ ಮುಟ್ಟುವ ಮೊದಲು ತಮ್ಮ ಕಲ್ಲನ್ನು ಎತ್ತಿಕೊಂಡು ಓಡಬೇಕು. ನಮ್ಮ ಲಗೋರಿಯ ದಾಯಾದಿ. ಲಗೋರಿ ಆಡಿದ ಎಲ್ಲರಿಗೂ ಗೊತ್ತು, ರಭಸದಿಂದ ಬೀಸಿದವನ ಚೆಂಡು ಗುರಿ ತಪ್ಪಿದರೆ ಚರಂಡಿ ದಾಟಿ ಪಕ್ಕದ ಬೀದಿಗೆ ಹೋಗುತ್ತದೆ, ತರಲು ಅವನೇ ಹೋಗಬೇಕು. ಆ ಕೆನಡಾದ ಹುಡುಗರಲ್ಲೊಬ್ಬ, ಜೇಮ್ಸ್ ನೈಸ್ಮಿತ್, ಕಮಾನಿನಂತೆ ಮೆಲ್ಲಗೆ ಎಸೆದ ಕಲ್ಲೇ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದನ್ನು ಕಂಡುಕೊಂಡಿದ್ದ.

ದೊಡ್ಡವನಾಗಿ ಅವನು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈಎಂಸಿಎ ತರಬೇತಿ ಶಾಲೆಯ ಮೇಷ್ಟ್ರಾದ. 1891ರ ಚಳಿಗಾಲ. ಹೊರಗೆ ಹಿಮ, ಒಳಗೆ ಕವಾಯತು ಮಾಡಿ ಮಾಡಿ ರೋಸಿಹೋದ 18 ಮಂದಿ ಪುಂಡ ವಿದ್ಯಾರ್ಥಿಗಳು. ಮೇಲಧಿಕಾರಿ ಎರಡು ವಾರ ಗಡುವು ಕೊಟ್ಟು, ಒಳಾಂಗಣದಲ್ಲಿ ಆಡುವಂಥ ಹೊಸ ಆಟ ಹುಡುಕು ಎಂದರು. ಮೊದಲು ಮಾಡಿದ ಪ್ರಯೋಗಗಳಲ್ಲೆಲ್ಲ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಪೆಟ್ಟು ಮಾಡಿಕೊಂಡರು. ಆಗ ಹಳೆಯ ಕಲ್ಲಾಟ ನೆನಪಾಯಿತು. ಗುರಿಯನ್ನು ಎಲ್ಲರ ತಲೆಯ ಮೇಲಕ್ಕೆ ಎತ್ತಿ, ಬಾಯಿ ಆಕಾಶಕ್ಕೆ ಮಾಡಿ ಇಟ್ಟರೆ, ಜೋರಾಗಿ ಬೀಸಿ ಪ್ರಯೋಜನವಿಲ್ಲ. ಚೆಂಡು ಮೇಲೇರಿ, ಯೋಚಿಸಿ, ಬಾಗಿ, ಇಳಿಯಬೇಕು. ಜವಾನನನ್ನು ಎರಡು ಪೆಟ್ಟಿಗೆ ಕೇಳಿದರೆ ಅವನು ತಂದುಕೊಟ್ಟದ್ದು ಪೀಚ್ ಹಣ್ಣಿನ ಬುಟ್ಟಿ. ಉಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದು ತೂಗುಹಾಕಿದರು. ಆ ಕಟಕಟೆ ನೆಲದಿಂದ 10 ಅಡಿ ಇತ್ತು. ಇವತ್ತಿಗೂ ದೊಡ್ಡವರ ಪಂದ್ಯಗಳ ರಿಂಗುಗಳು 10 ಅಡಿಯಲ್ಲೇ ಇವೆ. ಜವಾನ ತಂದ ಬುಟ್ಟಿ, ಬಡಗಿ ಕಟ್ಟಿದ ಕಟಕಟೆ. ಇಂಥ ಆಕಸ್ಮಿಕಗಳ ಎತ್ತರಕ್ಕೆ ಕೈ ನಿಲುಕಲೆಂದು ಎಷ್ಟು ಕೋಟಿ ಮಕ್ಕಳು ಎಗರಿ ಎಗರಿ ಸುಸ್ತಾಗಿದ್ದಾರೋ.

ಮೊದಲ ಪಂದ್ಯದ ಅಂಕ 1–0. ಬುಟ್ಟಿಗೆ ತಳವಿತ್ತು, ಆದ್ದರಿಂದ ಬಿದ್ದ ಚೆಂಡು ಅಲ್ಲೇ ಉಳಿಯಿತು. ಏಣಿ ತಂದು, ಹತ್ತಿ, ತೆಗೆದು, ಇಳಿದು ಮತ್ತೆ ಶುರು. ತಳ ಕತ್ತರಿಸುವ ಆಲೋಚನೆ ತಕ್ಷಣಕ್ಕೆ ಯಾರಿಗೂ ಬರಲಿಲ್ಲ ಎಂಬುದು ನನಗೆ ಈ ಆಟದ ಅತ್ಯಂತ ಆಪ್ಯಾಯಮಾನವಾದ ಸಂಗತಿ. ಜಾನ್ ಕಾಯ್ ಬರೆದು ಜೋ ಮೋರ್ಸ್ ಚಿತ್ರ ಬಿಡಿಸಿದ ‘ಹೂಪ್ ಜೀನಿಯಸ್’ ಎಂಬ ಪುಟ್ಟ ಪುಸ್ತಕ 2013ರಲ್ಲಿ ಬಂತು. ಚಿಕ್ಕ ಮಕ್ಕಳಿಗೆ ಈ ಬುಟ್ಟಿಪುರಾಣವನ್ನೇ ಹೇಳುತ್ತದೆ. ಚಿತ್ರಗಳಲ್ಲಿ ಮೀಸೆ ಹೊತ್ತ ಗಂಡಸರು ಚೆಂಡಿಗಾಗಿ ಕಿತ್ತಾಡುವ ಪರಿ ನೋಡಿದರೆ ಮದುವೆಮನೆಯಲ್ಲಿ ಬಸ್ಸಿನ ಸೀಟು ಹಿಡಿಯುವ ನಮ್ಮ ಚಿಕ್ಕಪ್ಪಂದಿರೆಲ್ಲ ಒಟ್ಟಿಗೆ ಕಣ್ಣೆದುರು ಬರುತ್ತಾರೆ.

ಇಂಥ ಪುಸ್ತಕಗಳನ್ನು ಮಕ್ಕಳಿಗೆ ಕೊಡಿಸುವ ದೊಡ್ಡವರ ಪ್ರಶ್ನೆ ಮಾತ್ರ ಎಲ್ಲೆಡೆಯೂ ಒಂದೇ: ಇದರಿಂದ ಮಗುವಿಗೆ ಏನು ಸಿಗುತ್ತದೆ? ಶಿಸ್ತು, ತಂಡಭಾವ, ಛಲ, ನಾಯಕತ್ವ. ಕಷಾಯದ ಬಾಟಲಿಯ ಮೇಲಿನ ಚೀಟಿಯಂತೆ ಹಿಂಬದಿಯ ರಕ್ಷಾಪುಟದಲ್ಲೇ ಪಟ್ಟಿ ಅಚ್ಚಾಗಿರುತ್ತದೆ. ಮೈಕೆಲ್ ಜೋರ್ಡಾನನ ತಾಯಿ ಡೆಲೋರಿಸ್ ಮತ್ತು ಅಕ್ಕತಂಗಿಯರಲ್ಲೊಬ್ಬರಾದ ರೋಸ್ಲಿನ್ ಸೇರಿ 2000ದಲ್ಲಿ ‘ಸಾಲ್ಟ್ ಇನ್ ಹಿಸ್ ಶೂಸ್’ ಎಂಬ ಚಿತ್ರಪುಸ್ತಕ ಬರೆದರು. ಅದರಲ್ಲಿ ಪುಟ್ಟ ಮೈಕೆಲ್‌ಗೆ ತಾನು ಕುಳ್ಳನೆಂಬ ಕೊರಗು. ಅಮ್ಮ ಹೇಳುತ್ತಾಳೆ, ಶೂಗಳೊಳಗೆ ಉಪ್ಪು ಹಾಕಿ ದೇವರಲ್ಲಿ ಬೇಡಿಕೋ, ಎತ್ತರವಾಗುತ್ತೀಯ. ಹುಡುಗ ದಿನಾ ಉಪ್ಪು ಹಾಕಿಕೊಂಡು ಕಾಯುತ್ತಾನೆ. ಕೊನೆಗೆ ಎತ್ತರಕ್ಕಿಂತ ಅಭ್ಯಾಸ ಮತ್ತು ಸಂಕಲ್ಪ ದೊಡ್ಡವು ಎಂದು ಅಪ್ಪ ತಿಳಿಹೇಳುವುದೂ ಇದೆ, ಇರಲಿ ಪಾಪ. ನನಗೆ ಬೇಕಾದ್ದು ಆ ಉಪ್ಪು. ಕಾಲ್ಬೆರಳ ಸಂದಿಯಲ್ಲಿ ಕರಕರ ಎನ್ನುವ ಉಪ್ಪು, ಬೆವರಿಗೆ ಕರಗಿ ಕಾಲುಚೀಲಕ್ಕೆ ಅಂಟುವ ಉಪ್ಪು. ಕ್ಯಾಡಿರ್ ನೆಲ್ಸನ್ ಅವರ ಚಿತ್ರಗಳಲ್ಲಿ ಆ ಹುಡುಗ ಕತ್ತೆತ್ತಿ ನೋಡುವ ರೀತಿಯನ್ನು ಕುಳ್ಳರ ಕುಲಕ್ಕೆ ಸೇರಿದವರು ಮಾತ್ರ ಪೂರ್ತಿ ಸವಿಯಬಲ್ಲರು. ನಮ್ಮ ಮನೆಯಲ್ಲಿ ಉಪ್ಪಿನ ಶಾಸ್ತ್ರ ಇರಲಿಲ್ಲ, ಬಾಗಿಲ ಚೌಕಟ್ಟಿಗೆ ಜೋತು ಬೀಳು ಎನ್ನುತ್ತಿದ್ದರು. ಚೌಕಟ್ಟು ಸಡಿಲವಾಯಿತು.

ಕುಳ್ಳತನದಿಂದ ಕ್ವಾಮೆ ಅಲೆಗ್ಸಾಂಡರ್ ಕಡೆ ಜಿಗಿಯುತ್ತೇನೆ. ಚೆಂಡು ಕುಟ್ಟದೆ ಹೆಜ್ಜೆ ಹಾಕುವ ಟ್ರಾವೆಲಿಂಗ್ ಎಂಬ ತಪ್ಪು ಪ್ರಬಂಧದಲ್ಲಿ ಇಲ್ಲ. ಅವರ ‘ದ ಕ್ರಾಸ್‌ಓವರ್’ 2014ರಲ್ಲಿ ಬಂದು ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಪಡೆಯಿತು. ಇಡೀ ಕಾದಂಬರಿ ಪದ್ಯದಲ್ಲಿದೆ. ಪದ್ಯವೆಂದರೆ ಹೆದರಬೇಡಿ. ಸಾಲುಗಳು ಅಂಗಳದ ತುಂಬ ಓಡಾಡುತ್ತವೆ, ಒಂದು ಪದ ಎಡಕ್ಕೆ ಹೋದಂತೆ ಮಾಡಿ ಬಲಕ್ಕೆ ನುಸುಳುತ್ತದೆ, ಅಕ್ಷರಗಳು ಜಾರಿ ಕೆಳಗೆ ಬೀಳುತ್ತವೆ, ಇದ್ದಕ್ಕಿದ್ದಂತೆ ಒಂದು ಮಾತು ದಪ್ಪ ಅಕ್ಷರದಲ್ಲಿ ಮುಖದ ಮೇಲೇ ಎಗರುತ್ತದೆ. ಅಧ್ಯಾಯಗಳ ಬದಲು ವಾರ್ಮ್‌ಅಪ್, ನಾಲ್ಕು ಕ್ವಾರ್ಟರ್, ಕೊನೆಗೆ ಓವರ್‌ಟೈಮ್. ಜೋಶ್ ಮತ್ತು ಜೋರ್ಡಾನ್ ಎಂಬ ಅವಳಿ ಹುಡುಗರು, ಇಬ್ಬರೂ ಶಾಲೆಯ ತಂಡದ ಹುಲಿಗಳು. ಅಮ್ಮ ಅದೇ ಶಾಲೆಯ ಉಪಪ್ರಾಂಶುಪಾಲೆ. ಅಂದರೆ ಮನೆಯಲ್ಲಿ ತಪ್ಪಿಸಿಕೊಂಡದ್ದಕ್ಕೆ ಶಾಲೆಯಲ್ಲಿ ಶಾಸ್ತಿ. ಅಪ್ಪ ಚಕ್ ಬೆಲ್, ಒಂದು ಕಾಲದಲ್ಲಿ ಯುರೋಪಿನಲ್ಲಿ ಆಡಿದವನು, ಮೊಣಕಾಲು ಕೈಕೊಟ್ಟು ಮನೆಗೆ ಬಂದವನು, ಜಾಜ್ ಸಂಗೀತದ ಹುಚ್ಚ. ಹೊರೇಸ್ ಸಿಲ್ವರ್ ಎಂಬ ಜಾಜ್ ಪಿಯಾನೋ ವಾದಕನ ಒಂದು ರಚನೆಯ ಹೆಸರನ್ನೇ ಮಗ ಜೋಶ್‌ಗೆ ಅಡ್ಡಹೆಸರಾಗಿ ಇಟ್ಟಿದ್ದಾನೆ.

ಜೋಶ್‌ನ ಜಡೆಗಟ್ಟಿದ ಉದ್ದ ಕೂದಲು ಅವನ ಹೆಮ್ಮೆ, ಅವನಿಗೆ ಅವೇ ರೆಕ್ಕೆಗಳು. ತಮ್ಮತಮ್ಮಲ್ಲೇ ಕಟ್ಟಿದ ಬಾಜಿಯಲ್ಲಿ ಸೋತು ಒಂದು ಜಡೆ ಕೊಡಬೇಕಾಗುತ್ತದೆ, ಸೋದರನ ಕತ್ತರಿ ತಪ್ಪಿ ಒಂದರ ಬದಲು ಐದು ಹೋಗುತ್ತವೆ. ಪಂದ್ಯಗಳೆಲ್ಲ ಮರೆತುಹೋದರೂ ಆ ಕತ್ತರಿಯ ಸದ್ದು ನನ್ನ ಕಿವಿಯಲ್ಲಿದೆ. ಅಪ್ಪನಿಗೆ ರಕ್ತದೊತ್ತಡ. ಡಾಕ್ಟರ ಹತ್ತಿರ ಹೋಗು ಎಂದರೆ ಹೋಗುವುದಿಲ್ಲ. ಕಾಲು ನೋವಿನ ನೆಪ, ಬಿಡುವಿಲ್ಲದ ನೆಪ, ಕೊನೆಗೆ ನೆಪವೇ ಇಲ್ಲದ ಮೊಂಡುತನ. ಇಂಥ ಅಪ್ಪಂದಿರು ಕನ್ನಡದಲ್ಲೂ ಮನೆಗೊಬ್ಬರಿದ್ದಾರೆ ಎಂದು ಬೇರೆ ಹೇಳಬೇಕೇ? ಮೊಣಕಾಲಿನ ನೋವಿಗೆ ವೈದ್ಯರು ಇಟ್ಟ ಉದ್ದನೆಯ ಹೆಸರನ್ನು ಜೋಶ್ ನಿಘಂಟಿನಲ್ಲಿ ಹುಡುಕಿ, ಅರ್ಥ ಬರೆದು, ಅದನ್ನೇ ಒಂದು ಪದ್ಯ ಮಾಡುತ್ತಾನೆ. ಹನ್ನೆರಡು ವರ್ಷದ ಹುಡುಗನೊಬ್ಬ ಭಯವನ್ನು ಹೀಗೆ ಶಬ್ದಾರ್ಥವಾಗಿ ಬರೆದು ಪಳಗಿಸಲು ನೋಡುವುದನ್ನು ಓದುವಾಗ ನಾನು ಒರಗಿದ್ದ ಗೋಡೆ ಬಿಟ್ಟು ನೆಟ್ಟಗೆ ಕೂತೆ. ಮುಂದೇನಾಯಿತೆಂದು ಹೇಳಲಾರೆ. ಕೊನೆಯ ಪುಟಗಳಲ್ಲಿ ಫ್ರೀ ಥ್ರೋಗಳಿವೆ ಎಂದಷ್ಟೇ ಹೇಳಿ ನಿಲ್ಲಿಸುತ್ತೇನೆ. ಫ್ರೀ ಥ್ರೋ ಈ ಓಟದಾಟದಲ್ಲಿ ಉಳಿದಿರುವ ಏಕೈಕ ದೇವಸ್ಥಾನ: ಯಾರೂ ಅಡ್ಡ ಬರುವುದಿಲ್ಲ, ಗಡಿಯಾರ ನಿಂತಿರುತ್ತದೆ, ಮನುಷ್ಯ ಮತ್ತು ರಿಂಗು ಮುಖಾಮುಖಿ. ಅಲ್ಲೂ 5 ಸೆಕೆಂಡಿನ ಕಟ್ಟಳೆ ಇಟ್ಟಿದ್ದಾರೆ ಎಂದು ಗೊತ್ತಾದಾಗ ನನಗೆ ನಿಜಕ್ಕೂ ಬೇಜಾರಾಯಿತು.

ವಾಲ್ಟರ್ ಡೀನ್ ಮೈಯರ್ಸ್ 1996ರ ‘ಸ್ಲ್ಯಾಮ್!’ನಲ್ಲಿ ಹಾರ್ಲೆಮ್‌ನ ಹದಿನೇಳರ ಹುಡುಗನೊಬ್ಬನನ್ನು ತಂದಿಟ್ಟಿದ್ದಾರೆ. ಅಂಗಳದಲ್ಲಿ ಅವನಿಗೆ ಎಲ್ಲ ಗೊತ್ತು. ಗೆರೆ ದಾಟಿ ಹೊರಗೆ ಬಂದರೆ ಗಣಿತದ ಪೇಪರು, ಹೊಸ ಶಾಲೆ, ಅಜ್ಜಿಯ ಕಾಯಿಲೆ. ಬಿರುಸಾದ ಪುಸ್ತಕ, ಬಿರುಸಾಗಿಯೇ ಓದಿಸಿಕೊಂಡು ಹೋಗುತ್ತದೆ, ಆದ್ದರಿಂದ ನನ್ನಂಥ ನಿಧಾನಸ್ಥ ಅದರ ಬಗ್ಗೆ ಕಡಿಮೆ ಹೇಳಿದರೆ ಮೈಯರ್ಸ್ ಬೇಸರ ಮಾಡಿಕೊಳ್ಳಲಾರರು. ಜೀನ್ ಲ್ಯೂನ್ ಯಾಂಗ್ ಮಾತ್ರ ನಮ್ಮ ಪಂಗಡದವರು. 2020ರಲ್ಲಿ ಬಂದ ‘ಡ್ರಾಗನ್ ಹೂಪ್ಸ್’ ಚಿತ್ರಕಾದಂಬರಿಯಲ್ಲಿ ಅವರೇ ಒಂದು ಪಾತ್ರ. ಓಕ್ಲೆಂಡ್‌ನ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ಮೇಷ್ಟ್ರು, ಚಿಕ್ಕಂದಿನಿಂದ ಆಟವೆಂದರೆ ಅಲರ್ಜಿ. ಬರೆಯಲು ಕಥೆ ಸಿಗದೆ ಒದ್ದಾಡುತ್ತ, ಅದೇ ಶಾಲೆಯ ಬ್ಯಾಸ್ಕೆಟ್‌ಬಾಲ್ ಕೋಚ್ ಬಳಿಗೆ ಹೋಗುತ್ತಾರೆ. ಪುಸ್ತಕದುದ್ದಕ್ಕೂ ಒಂದು ಚಿತ್ರ ಮರುಕಳಿಸುತ್ತದೆ: ಒಂದು ಪಾದ, ಒಂದು ಹೆಜ್ಜೆ. ನೈಸ್ಮಿತ್‌ನದು, ಹಿಂದೆಂದೋ ಆಡಿದ ಹೆಂಗಸರದು, ತಂಡದಲ್ಲಿರುವ ಸಿಖ್ ಹುಡುಗನದು, ಕೊನೆಗೆ ಹೊಸ್ತಿಲಲ್ಲಿ ಅಳುಕುತ್ತ ನಿಂತ ಮೇಷ್ಟರದು. ಅಷ್ಟೊಂದು ಎಗರಾಟದ ಕಥೆಯಲ್ಲಿ ಕಲಾವಿದನ ಕಣ್ಣು ಮತ್ತೆ ಮತ್ತೆ ನೆಲದ ಮೇಲಿನ ಶೂಗೇ ಹೋಗುವುದು ಚೆನ್ನಾಗಿದೆ.

ಕನ್ನಡದಲ್ಲಿ? ನನ್ನ ಕಪಾಟಿನ ಕನ್ನಡ ಮಕ್ಕಳ ಕಥೆಗಳಲ್ಲಿ ಕ್ರಿಕೆಟ್ ಇದೆ, ಗಾಳಿಪಟ ಇದೆ, ಬುಗುರಿ ಇದೆ, ಮಾವಿನ ಮರ ಹತ್ತಿ ಬೀಳುವುದಂತೂ ಹೇರಳವಾಗಿದೆ. ರಿಂಗಿಗೆ ಚೆಂಡು ಎಸೆಯುವ ಪುಟ್ಟಿ ಇಲ್ಲ. ಕಥೆಗೆ ಬರವೇನಿಲ್ಲ. 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ಬೆಂಗಳೂರಿನಲ್ಲೇ, ಕಂಠೀರವದಲ್ಲೇ ನಡೆಯಿತು. ಬಿ ವಿಭಾಗದ ಫೈನಲಿನಲ್ಲಿ ನಮ್ಮ ಹುಡುಗಿಯರು ಕಜಾಕಸ್ತಾನವನ್ನು 75–73ರಿಂದ ಸೋಲಿಸಿದರು. ಎರಡೇ ಎರಡು ಅಂಕ. ಇನೊವೆಯವರ ಕೈಗೆ ಸಿಕ್ಕಿದ್ದರೆ ಆ ಎರಡು ಅಂಕದಲ್ಲಿ ಎರಡು ಸಂಪುಟ ಇತ್ತು. ಹೊರಗೆ ಕಸ್ತೂರ್ಬಾ ರಸ್ತೆಯ ಟ್ರಾಫಿಕ್ಕಿನಲ್ಲಿ ಹಾರ್ನು, ಒಳಗೆ ಚೆಂಡು ತೇಲುತ್ತಿದೆ. ಬರೆಯುವವರು ಬರೆದರೆ ನಾನು ಮೊದಲ ಪ್ರತಿಗೆ ಈಗಲೇ ದುಡ್ಡು ತೆಗೆದಿಡುತ್ತೇನೆ.

ನನ್ನ ಅಕ್ಕನ ಮಗಳು ಕಾಲೇಜು ತಂಡದಲ್ಲಿ ಆಡುತ್ತಾಳೆ. ಸಂಜೆ ಹೊತ್ತು ಬಡಾವಣೆಯ ಸಿಮೆಂಟು ಕೋರ್ಟಿನಲ್ಲಿ ಅವರ ಅಭ್ಯಾಸ ಪಂದ್ಯಗಳಿರುತ್ತವೆ. ರಿಂಗಿನ ಬಲೆ ಹರಿದುಹೋಗಿ ಎರಡು ದಾರ ಮಾತ್ರ ನೇತಾಡುತ್ತಿವೆ. ಬೋರ್ಡಿನ ಬಣ್ಣ ಚೆಂಡು ಬಡಿದ ಕಡೆಯಲ್ಲೆಲ್ಲ ಚಕ್ಕೆ ಎದ್ದು ಹೋಗಿ ಹಲಗೆ ಕಾಣುತ್ತದೆ. ನಾನು ಬದಿಯ ಬೆಂಚಿನ ಮೇಲೆ ಪುಸ್ತಕ ಹಿಡಿದು ಕೂತಿರುತ್ತೇನೆ. ಬ್ರೇಕಿನಲ್ಲಿ ನೀರು ಕುಡಿಯಲು ಬಂದವಳನ್ನು ಒಂದು ಸಲ ಕೇಳಿದೆ, "ಮೇಲೆ ಹಾರಿದಾಗ ನಿಂಗೆ ಏನೇನು ನೆನಪಾಗುತ್ತೆ ಪುಟ್ಟಾ?"

"ಏನೂ ಇಲ್ಲ ಮಾಮ. ಇಳಿಯೋವಾಗ ಯಾರ ಕಾಲಿನ ಮೇಲೆ ಇಳೀತೀನೋ ಅಂತ ಭಯ, ಅಷ್ಟೇ. ಹೋದ ತಿಂಗಳು ಹಂಗೇ ಆಂಕಲ್ ಉಳುಕಿದ್ದು."

ಇಷ್ಟು ಪುಸ್ತಕ ಓದಿದ ನನಗೆ ಈ ಒಂದು ವಾಕ್ಯ ಎಲ್ಲೂ ಸಿಕ್ಕಿರಲಿಲ್ಲ. ಹಾರಿದವರು ಇಳಿಯಲೇಬೇಕು, ಕೆಳಗೆ ಮಿಕ್ಕ ಒಂಬತ್ತು ಜನರ ಕಾಲುಗಳು! ತೇಲುಗಾಲದ ವಿಷಯ ಅವಳಿಗೆ ವಿವರಿಸಲು ಹೋದೆ. ಸನ್ನೊ ಪಂದ್ಯದ ಮಾತು ಬಂದದ್ದೇ ತಡ, ಅವಳಿಗೆ ಸಿಟ್ಟು ಬಂತು. ಸ್ಲ್ಯಾಮ್ ಡಂಕ್ ಅವಳೂ ಫೋನಿನಲ್ಲಿ ಓದಿದ್ದಾಳೆ.

"ಅಷ್ಟು ಉದ್ದ ಎಳೆದು ಗೆಲ್ಲಿಸಿ, ನೆಕ್ಸ್ಟ್ ಮ್ಯಾಚು ಒಂದೇ ಲೈನಲ್ಲಿ ಸೋಲಿಸಿಬಿಟ್ಟ ಮಾಮ. ಅದೆಂಥ ನ್ಯಾಯ? ಸೋತ ಮ್ಯಾಚೇ ಅಲ್ವಾ ರಾತ್ರಿಯೆಲ್ಲ ತಲೇಲಿ ಓಡೋದು? ಗೆದ್ದಿದ್ದು ಪಾರ್ಟಿ ಮಾಡಿದ್ರೆ ಮುಗೀತು."

ಉತ್ತರ ಹೊಳೆಯಲಿಲ್ಲ. ಮಾತು ತಿರುಗಿಸಲು ಆ ಕಥೆಯಲ್ಲಿ ನನ್ನ ಮೆಚ್ಚಿನ ಆಟಗಾರ ಯಾರು ಗೊತ್ತೇ ಎಂದೆ. ರುಕಾವಾ ಎಂದಳು. ಅಲ್ಲ, ಕೊಗುರೆ ಎಂದೆ. ಕನ್ನಡಕದ ಕೊಗುರೆ, ಮೂರು ವರ್ಷ ಸಕುರಾಗಿಯ ತಂಡದಲ್ಲಿದ್ದರೂ ಹೆಚ್ಚು ಕಾಲ ಬೆಂಚು ಕಾದ ಸಾಧು ಪ್ರಾಣಿ. ಎದುರಾಳಿ ರ್ಯೊನಾನ್ ತಂಡದ ಕೋಚ್ ಇವನನ್ನು ಲೆಕ್ಕಕ್ಕೇ ಇಡದೆ ಬಿಟ್ಟುಬಿಟ್ಟ; ಪಂದ್ಯ ಕೈಬದಲಾಗುವ ಹೊತ್ತಿನಲ್ಲಿ ದೂರದಿಂದ ಎಸೆದು ಮೂರು ಅಂಕ ಗಳಿಸಿದ್ದು ಇವನೇ. "ಬೆಂಚಿನ ಮೇಲೆ ಕೂರೋದೂ ಒಂದು ಸಾಧನೆ ಕಣೇ" ಎಂದು ನಾನು ವಿಸ್ತಾರವಾಗಿ ಶುರು ಮಾಡುವಷ್ಟರಲ್ಲಿ ಸೀಟಿ ಊದಿದರು. ಅವಳು ಬಾಟಲಿ ಮುಚ್ಚಿ, ಶೂ ದಾರ ಬಿಗಿದು, ನನ್ನನ್ನೂ ಪುಸ್ತಕವನ್ನೂ ಒಮ್ಮೆ ನೋಡಿದಳು.

"ಮಾಮ, ಸ್ವಲ್ಪ ಆ ಕಲ್ಲಿನ ಮೇಲೆ ಹೋಗಿ ಕೂತ್ಕೊಳ್ಳಿ. ಇದು ಸಬ್‌ಗಳ ಬೆಂಚು."